ಅದಿರಿನ ನೀರೆಂದು ನಾನು ಹಟ ಹಿಡಿದದ್ದು

ಮೊಮ್ಮಗಳಿಗೆ ಎರೆಯಲೆಂದು ಬಚ್ಚಲ ನಲ್ಲಿ ತಿರುಗಿಸಿದೆ. ಬಿಳಿ ಬೋಗುಣಿಯೊಳಗೆ ಕೆಂಪು ನೀರು! ಇಪ್ಪತ್ತು ದಿನದ ಕೂಸು, ಅದರ ಮೈಮೇಲೆ ಇದನ್ನು ಸುರಿಯಲೇ? ಬಾಣಂತನಕ್ಕೆ ಬಂದಿದ್ದ ಮಗಳು ಬಾಗಿಲಲ್ಲಿ ನಿಂತು ನೋಡಿದಳು. ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಅದು ನನಗೆ ಚುಚ್ಚಿತು.

ಸಂಜೆ ಕಂಪ್ಲಿಯಿಂದ ಅಳಿಯನ ಫೋನು. “ಅತ್ತಿ, ನೀರು ಹಿಂಗ ಇದ್ರ ಹೆಂಗ್ರಿ? ಸರಿ ಆಗಲಿಲ್ಲಂದ್ರ ಭಾನುವಾರ ಬಂದು ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ.” ಐದು ತಿಂಗಳ ಬಾಣಂತನ ಮಾಡಿಯೇ ಕಳಿಸುತ್ತೇನೆಂದು ಬೀಗರ ಮುಂದೆ ಎದೆ ತಟ್ಟಿಕೊಂಡು ಬಂದವಳು ನಾನು. ಇರುವವಳು ಒಬ್ಬಳೇ ಮಗಳು. ತಿಂಗಳೂ ತುಂಬದೆ ತೊಟ್ಟಿಲು ಖಾಲಿಯಾಗುವುದೆಂದರೆ?

ಸಂಡೂರಿನಲ್ಲಿ ಕೆಂಪಗಿರುವ ಯಾವುದಕ್ಕೂ ಯಾರೂ ಕಾರಣ ಹುಡುಕುವುದಿಲ್ಲ. ಒಣಹಾಕಿದ ಸೀರೆ, ಬೇವಿನ ಎಲೆ, ಕಿಟಕಿಯ ಸರಳು, ಎಲ್ಲದರ ಮೇಲೂ ಅದಿರಿನ ಧೂಳು. ಅದನ್ನು ಬೈದು ಬೈದು ನನ್ನ ಬಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಇದೂ ಅದೇ ಎಂದುಕೊಂಡೆ. ನಲ್ಲಿಗೆ ಬಟ್ಟೆ ಕಟ್ಟಿದೆ, ಬಕೆಟ್ಟಿನಲ್ಲಿ ಪಟಿಕ ಆಡಿಸಿದೆ. ಮಾರನೇ ದಿನ ಓಣಿಗೆ ನೀರು ಬಿಡುವವನು ಬಂದಾಗ ಅಡ್ಡ ಹೋಗಿ ನಿಂತೆ.

“ಏನಪಾ, ನೀರು ಬಿಡ್ತೀಯೋ ಗಣಿ ಮಣ್ಣು ಬಿಡ್ತೀಯೋ? ಕಣ್ಣಿಲ್ಲೇನು ನಿನಗ?”

“ಅಕ್ಕಾರ, ಬ್ಯಾರೆ ಯಾರ ಮನ್ಯಾಗೂ ಕೆಂಪು ಬಂದಿಲ್ರಿ. ಬೇಕಾದ್ರ ಕೇಳಿ ನೋಡ್ರಿ.”

“ಹೋಗಲೇ, ನನಗ ಹೇಳಾಕ ಬರ್ತಾನ!”

ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಮೂರು ದಿನ ಉಳಿಯುತ್ತಿತ್ತು. ಗಂಡ ಮೇಲೆ ಹತ್ತಿ ಟ್ಯಾಂಕ್ ತೊಳೆದರು, ನೆಟ್ಟಗೆ ತೊಳೆಯಲಿಲ್ಲ ಎಂದು ಅವರಿಗೂ ಬೈದೆ. ಕೂಸಿಗೆ ಕ್ಯಾನಿನ ನೀರು ಕಾಯಿಸಿ ಎರೆದೆವು. ನಾನು ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಗಳಿಗೆಗೊಮ್ಮೆ ನಲ್ಲಿ ತಿರುಗಿಸುವುದು, ನೋಡುವುದು, ಒದರುವುದು. ಒಮ್ಮೆ ಕೆಂಪು ಬರುತ್ತಿತ್ತು, ಒಮ್ಮೆ ತಿಳಿ. ತಿಳಿ ಬಂದರೂ ಸಿಟ್ಟೇ.

ಶುಕ್ರವಾರ ಮರಿಯಮ್ಮನಹಳ್ಳಿಯಿಂದ ಪ್ಲಂಬರ್ ಬಂದ. ಚೀಲ ಬಿಚ್ಚುವ ಮೊದಲು ಎರಡು ಗಾಜಿನ ಲೋಟ ಕೇಳಿದ. ಅಂಗಳದ ನಲ್ಲಿಯಿಂದ ಒಂದು ಹಿಡಿದ, ಬಚ್ಚಲಿನಿಂದ ಒಂದು. ಅಂಗಳದ್ದು ತಿಳಿಯಾಗಿತ್ತು, ಬಚ್ಚಲಿನದು ಚಹದ ಬಣ್ಣ. ಟ್ಯಾಂಕಿನೊಳಗೆ ಇಣುಕಿದ, ಅಲ್ಲಿಯದೂ ತಿಳಿ. ಆಮೇಲೆ ಬಚ್ಚಲ ನಲ್ಲಿಯನ್ನು ಬಿಟ್ಟುಕೊಂಡು ಸುಮ್ಮನೆ ಕಾದ. ಎರಡು ಕೊಡ ಹರಿದ ಮೇಲೆ ಕೆಂಪು ಹೋಯಿತು.

“ಗಣಿ ಮಣ್ಣಲ್ರಿ ಅಮ್ಮಾರ. ಗೋಡಿ ಒಳಗಿನ ಕಬ್ಬಿಣದ ಪೈಪು ತುಕ್ಕು ಹಿಡದೈತಿ. ನಿಂತ ನೀರಿಗೆ ತುಕ್ಕು ಇಳೀತೈತಿ, ಹರಿದ ಮ್ಯಾಲ ತಿಳಿ ಆಗ್ತೈತಿ.”

ಗಂಡ ನನ್ನ ಕಡೆ ನೋಡಿದರು. ನಾಲ್ಕು ವರ್ಷದ ಹಿಂದೆ ಬಚ್ಚಲಿಗೆ ಟೈಲ್ಸ್ ಹಾಕಿಸುವಾಗಲೇ ಹಳೇ ಪೈಪು ತೆಗೆಸೋಣ ಎಂದಿದ್ದರು. ಗೋಡೆಯೊಳಗಿನದನ್ನು ಯಾರು ನೋಡುತ್ತಾರೆ, ಆ ದುಡ್ಡಿಗೆ ಇನ್ನೂ ಒಳ್ಳೆಯ ಟೈಲ್ಸ್ ಹಾಕಿಸಿ ಎಂದು ಅವರ ಬಾಯಿ ಮುಚ್ಚಿಸಿದವಳು ನಾನೇ. ನಾಚಿಕೆಯಾಯಿತು. ನಾಚಿಕೆಯಾದರೂ ನನ್ನ ದನಿ ಏರುತ್ತದೆ.

“ಏನ್ ನೋಡ್ತೀರಿ? ಒಡಸ್ರಿ ಜಲ್ದಿ!”

ಶನಿವಾರ ಸಂಜೆಯೊಳಗೆ ಟೈಲ್ಸ್ ಒಡೆದು ಹೊಸ ಪ್ಲಾಸ್ಟಿಕ್ ಪೈಪು ಕೂರಿಸಿದರು. ಭಾನುವಾರ ಬೆಳಿಗ್ಗೆ ಮೊದಲ ನೀರೇ ತಿಳಿ. ಅಬ್ಬಾ! ಬೋಗುಣಿ ತುಂಬಿಸಿ, ಮಗಳಿಗೆ ತೋರಿಸಲು ಸೀರೆ ತೋಯಿಸಿಕೊಂಡು ಕೋಣೆಗೆ ಓಡಿದೆ. ಅವಳು ಕೂಸಿನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

“ಯಾಕವ್ವಾ? ನೀರು ಸರಿ ಆತಲ್ಲ!”

ಅವಳು ತಲೆ ಎತ್ತಲಿಲ್ಲ.

“ನೀರಿಗಲ್ಲಬೇ. ಅವರಿಗೆ ಫೋನ್ ಮಾಡಿ ಬರ್ರಿ ಅಂದಾಕಿ ನಾನ. ಹುಟ್ಟಿದಾಗಿಂದ ನೀ ಒದರಿದಾಗೊಮ್ಮೆ ಕೂಸು ಬೆಚ್ಚಿ ಬೀಳತೈತಿ. ನೀರಿನ ನೆವ ಹೇಳಿದ್ರ ನಿನಗ ಬ್ಯಾಸರ ಆಗಂಗಿಲ್ಲ ಅಂದ್ಕೊಂಡಿದ್ದೆ.”

“ನಾನೆಲ್ಲಿ ಒದರೀನಿ?” ಎಂದೆ.

ತೊಟ್ಟಿಲಲ್ಲಿ ನಿದ್ದೆ ಹೋಗಿದ್ದ ಮೊಮ್ಮಗಳ ಎರಡೂ ಕೈ ಒಮ್ಮೆಲೇ ಮೇಲೆ ಹಾರಿದವು. ಆಮೇಲೆ ಅತ್ತಳು.