ಮೇಸ್ತ್ರಿಯ ಕೈಯಿಂದಲೇ ಉಜ್ಜಿಸಿದ ಬಣ್ಣ

ನಾನು ಚಿಕ್ಕವಳಿದ್ದಾಗ ನನಗೊಬ್ಬ ಶತ್ರು ಇದ್ದ. ಅಜ್ಜಿಯ ಬಾಲ್ಯ ಅಂದರೆ ಉಂಡೆ, ಚಕ್ಕುಲಿ, ಲಗೋರಿ ಅಷ್ಟೇ ಅಂತ ನೀವು ತಿಳಿದುಕೊಂಡಿದ್ದೀರಿ. ಅದೆಲ್ಲ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಹತ್ತು ವರ್ಷದ ನಾನು ಒಬ್ಬ ಮನುಷ್ಯನ ಮೇಲೆ ಮೂರು ವಾರ ಹಲ್ಲು ಮಸೆದಿದ್ದೆ. ಅವನಿಗೆ ಬುದ್ಧಿ ಕಲಿಸಿದ ದಿನದ ಕಥೆ ಇದು. ಪಶ್ಚಾತ್ತಾಪ ಗಿಶ್ಚಾತ್ತಾಪ ಕೊನೆಗೆ ಬರುತ್ತದೆ ಅಂತ ಕಾಯಬೇಡಿ, ಬರುವುದಿಲ್ಲ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಕಲ್ಯಾಣದ ಒಂದು ಚಾಳಿನಲ್ಲಿ, ಒಂದೇ ಖೋಲಿಯಲ್ಲಿ, ಅಪ್ಪ, ಅಮ್ಮ, ಅಕ್ಕ, ನಾನು ಇದ್ದೆವು. ಅಪ್ಪ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆ ಅಂತ ಬಂದವನು. ಆಮೇಲೆ ಗ್ಯಾರೇಜ್ ಸೇರಿ ಗಾಡಿಗಳಿಗೆ ಬಣ್ಣ ಹೊಡೆಯುವುದನ್ನು ಕಲಿತ. ಸಂಜೆ ಮೊದಲು ಥಿನ್ನರಿನ ವಾಸನೆ ಮನೆಯೊಳಗೆ ಬರುತ್ತಿತ್ತು, ಅದರ ಹಿಂದೆ ಅಪ್ಪ. ಅವನ ಉಗುರಿನ ಸಂದಿಯಲ್ಲಿ ಆ ದಿನದ ಬಣ್ಣ ಉಳಿದಿರುತ್ತಿತ್ತು. ಹಳದಿ ಇದ್ದರೆ ಶಾಲೆಯ ಬಸ್ಸು, ಬಿಳಿ ಇದ್ದರೆ ಯಾರದೋ ಕಾರು. ನಾವು ಉಗುರು ನೋಡಿಯೇ ಹೇಳುತ್ತಿದ್ದೆವು.

ಬಣ್ಣ ಹೊಡೆಯುವವರು ಬೇಕಾದಷ್ಟು ಜನ ಇದ್ದರು. ಅಪ್ಪನ ವಿದ್ಯೆ ಬೇರೆ. ಹಳೆಯ ಗಾಡಿಗೆ ಒಬ್ಬೊಬ್ಬ ಮಾಲೀಕನೂ ಒಂದೊಂದು ಬಣ್ಣ ಬಳಿಸಿರುತ್ತಾನೆ. ಎಲ್ಲದರ ಅಡಿಯಲ್ಲಿ, ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣ ಇರುತ್ತದೆ. ಅದನ್ನು ಹುಡುಕುವುದಕ್ಕೆ ಪಾಲಿಶ್ ಪೇಪರಿನ ಒಂದು ಚೂರನ್ನು ನೀರಿನಲ್ಲಿ ಅದ್ದಿ, ನಾಣ್ಯದಷ್ಟು ಜಾಗವನ್ನು ದುಂಡಗೆ ಉಜ್ಜಬೇಕು. ಒಂದರೊಳಗೊಂದು ಬಳೆಯ ಹಾಗೆ ಬಣ್ಣಗಳು ಏಳುತ್ತವೆ, ಅಡ್ಡ ಕೊಯ್ದ ಈರುಳ್ಳಿ ನೋಡಿದ ಹಾಗೆ. ಗ್ಯಾರೇಜಿನವರು ಅದಕ್ಕೆ ‘ಕಾಂದಾ’, ಅಂದರೆ ಈರುಳ್ಳಿ, ಅಂತಲೇ ಅನ್ನುತ್ತಿದ್ದರು. ರಜೆಯ ದಿನ ಅಪ್ಪ ನನಗೊಂದು ಹಳೆಯ ತಗಡು ತಂದುಕೊಡುತ್ತಿದ್ದ. ನಾನು ಮೋರಿಯ ಪಕ್ಕ ಕೂತು ಉಜ್ಜಿ ಉಜ್ಜಿ ಬಳೆ ಎಣಿಸುತ್ತಿದ್ದೆ. ಅಕ್ಕನಿಗೆ ಅದು ಬೋರು. “ನಕೋ ಬಾಬಾ, ಕೈಯೆಲ್ಲ ಹೊಲಸು” ಅಂತ ಪುಸ್ತಕ ಹಿಡಿದು ಕೂರುತ್ತಿದ್ದಳು.

ಈಗ ಶತ್ರು ಬರುತ್ತಾನೆ. ಅವನು ಆ ಗ್ಯಾರೇಜಿನ ದೊಡ್ಡ ಮೇಸ್ತ್ರಿ. ನಮ್ಮ ಕಡೆಯವನೇ, ಅಪ್ಪನನ್ನು ಹೋಟೆಲಿನಿಂದ ಬಿಡಿಸಿ ಬಣ್ಣದ ಕೆಲಸಕ್ಕೆ ಕರೆತಂದವನು. ತಿಂಗಳಲ್ಲಿ ಎರಡು ಸಲವಾದರೂ ನಮ್ಮ ಮನೆಗೆ ಬಂದು, ಅಮ್ಮನ ನೀರುದೋಸೆಯನ್ನು ಬಂಗುಡೆ ಸಾರಿನಲ್ಲಿ ಅದ್ದಿ ಹತ್ತು ಹನ್ನೆರಡು ಇಳಿಸಿ ಹೋಗುತ್ತಿದ್ದ. ಉಂಡ ಮನೆಗೆ ಎರಡು ಬಗೆಯುವುದು ಅಂತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಅವನಲ್ಲೇ.

ಆ ವರ್ಷ ಗ್ಯಾರೇಜಿಗೆ ಒಂದು ಹಳೆಯ ಪಿಕಪ್ ಗಾಡಿ ಬಂತು. ಕಲ್ಯಾಣದ ಮಾರ್ಕೆಟ್ಟಿನಲ್ಲಿ ಹೂವಿನ ವ್ಯಾಪಾರ ಮಾಡುತ್ತಿದ್ದ ಒಬ್ಬ ಮರಾಠಿ ಅಜ್ಜಿಯದು ಅದು. ಎಲ್ಲರೂ ಅವರನ್ನು ಆಜಿ ಅನ್ನುತ್ತಿದ್ದರು. ಅವರ ಯಜಮಾನರು ಆ ಗಾಡಿಯಲ್ಲಿ ಜೀವಮಾನವಿಡೀ ಹೂವು ತಂದು, ತೀರಿಹೋಗಿದ್ದರು. ಗಾಡಿ ಇನ್ನು ಓಡುವುದು ಬೇಡ, ಮನೆಯ ಮುಂದೆ ನಿಂತಿದ್ದರೆ ಸಾಕು, ಆದರೆ ಮೊಟ್ಟಮೊದಲು ಬಂದಾಗಿನ ಬಣ್ಣದಲ್ಲಿ ನಿಲ್ಲಬೇಕು ಅಂತ ಆಜಿಯ ಆಸೆ. ಆಜಿ ಮದುವೆಯಾಗಿ ಬರುವಷ್ಟರಲ್ಲಿ ಅದಕ್ಕೆ ನೀಲಿ ಬಳಿದಾಗಿತ್ತಂತೆ. “ಮೊದಲಿನ ಬಣ್ಣ ನೀನು ನೋಡಬೇಕಿತ್ತು, ಅದಕ್ಕೆ ಹೆಸರು ಹೇಳುವುದಕ್ಕೆ ನನಗೆ ಬರುವುದಿಲ್ಲ” ಅಂತ ಯಜಮಾನರು ಸಾಯುವ ತನಕ ಹೇಳುತ್ತಿದ್ದರಂತೆ. ಬಣ್ಣದ ನಂಬರ್ ಇದ್ದ ತಗಡು ಯಾವತ್ತೋ ಉದುರಿಹೋಗಿತ್ತು.

ಮೇಸ್ತ್ರಿ ಹಿಂದಿನ ಸಾಮಾನು ಹೇರುವ ಡಬ್ಬದ ಮೇಲೆ ಕಾಂದಾ ತೆಗೆದ. ಹಳದಿ, ನೀಲಿ, ಕೆನೆಬಣ್ಣ, ಬಣ್ಣ ಹಿಡಿಯಲಿ ಅಂತ ಅಡಿಗೆ ಬಳಿಯುವ ಕೆಂಪು ಪ್ರೈಮರ್, ಆಮೇಲೆ ತಗಡು. “ಕೆನೆಬಣ್ಣ, ಮುಗಿಯಿತು” ಅಂದ. ಅಪ್ಪ ತಡೆದ. ಆಗಿನ ಕಾಲದಲ್ಲಿ ಕಾರ್ಖಾನೆಯವರು ಕೊಡುತ್ತಿದ್ದದ್ದು ಮುಂದಿನ ಡ್ರೈವರ್ ಕೂರುವ ಭಾಗ ಮಾತ್ರ. ಹಿಂದಿನ ಡಬ್ಬವನ್ನು ಇಲ್ಲಿಯ ವರ್ಕ್‌ಶಾಪಿನವರು ಕಟ್ಟಿ, ಎರಡೂ ಒಂದೇ ಥರ ಕಾಣಲಿ ಅಂತ ಇಡೀ ಗಾಡಿಗೆ ಹೊಸದಾಗಿ ಬಣ್ಣ ಹೊಡೆಯುತ್ತಿದ್ದರು. ಡಬ್ಬಕ್ಕೆ ಕಾರ್ಖಾನೆಯ ಬಣ್ಣ ಗೊತ್ತೇ ಇರುವುದಿಲ್ಲ. ಬಾಗಿಲಿನ ರಬ್ಬರಿನ ಅಡಿಯಲ್ಲಿ ಅಪ್ಪ ಕೂದಲೆಳೆಯಷ್ಟು ಹಸಿರು ನೋಡಿದ್ದ. ಅದನ್ನು ತೋರಿಸಿದಾಗ ಮೇಸ್ತ್ರಿ ಎಲ್ಲರ ಎದುರು ನಕ್ಕ.

“ಅದು ಮಳೆಗಾಲದ ಪಾಚಿ ಮಾರಾಯ. ನಿನ್ನ ಕಣ್ಣಿಗೆ ಬಣ್ಣವೇ ತಿಳಿಯುವುದಿಲ್ಲ. ಟೇಬಲ್ ಒರೆಸುತ್ತಿದ್ದವನನ್ನು ಎಳೆದು ತಂದದ್ದು ನನ್ನ ತಪ್ಪು. ಹೋಗು, ಅದನ್ನೇ ಒರೆಸು.”

ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೋ ಏನೋ. ಅವನು ಸುತ್ತಲಿನ ಗ್ಯಾರೇಜುಗಳಿಗೆಲ್ಲ ಸುದ್ದಿ ಹಬ್ಬಿಸಿದ, ಇವನಿಗೆ ಹಸಿರು ಕೆಂಪು ಗೊತ್ತಾಗುವುದಿಲ್ಲ, ಕಣ್ಣಿನ ದೋಷ ಇದೆ ಅಂತ. ಕಣ್ಣಿಲ್ಲ ಅನ್ನಿಸಿಕೊಂಡ ಪೇಂಟರಿಗೆ ಯಾರು ಕೆಲಸ ಕೊಡುತ್ತಾರೆ? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅಪ್ಪ ಡೊಂಬಿವಿಲಿ ಸ್ಟೇಷನ್ ಹತ್ತಿರದ ಒಂದು ಹೋಟೆಲಿಗೆ ಹೋಗಿ ಮತ್ತೆ ಟೇಬಲ್ ಒರೆಸತೊಡಗಿದ. ಒಂದು ದಿನ ಅಮ್ಮನ ಜೊತೆ ಹೋದಾಗ ನೋಡಿದೆ. ಯಾರೋ ಚಿಟಿಕೆ ಹೊಡೆದು “ಏ, ಇಧರ್ ಸಾಫ್ ಕರ್” ಅಂದರು, ಅಪ್ಪ ತಲೆ ತಗ್ಗಿಸಿ ಒರೆಸಿದ. ಅವನ ಉಗುರು ಸ್ವಚ್ಛವಾಗಿತ್ತು. ಆ ಸ್ವಚ್ಛ ಉಗುರು ನೋಡಿ ನನ್ನ ಹೊಟ್ಟೆ ಉರಿದುಹೋಯಿತು.

“ನೀನ್ಯಾಕೆ ಉಜ್ಜಿ ತೋರಿಸಲಿಲ್ಲ?” ಅಂತ ಆ ರಾತ್ರಿ ಊಟಕ್ಕೆ ಕೂತಾಗ ಜಗಳ ತೆಗೆದೆ. ಅಪ್ಪ ಸಾರು ಕಲಸುತ್ತಾ ಹೇಳಿದ, “ಗಾಡಿ ಮುಟ್ಟುವುದಕ್ಕೆ ಬಿಟ್ಟರೆ ತಾನೆ. ಡಬ್ಬದಲ್ಲಿ ಕೆಂಪಿನ ಕೆಳಗೆ ತಗಡು. ಬಾಗಿಲಲ್ಲಿ ಕೆಂಪಿನ ಕೆಳಗೆ ಇನ್ನೊಂದು ಬಣ್ಣ ಉಂಟು. ಕೆಂಪು ಬಂದ ಕೂಡಲೇ ನಿಲ್ಲಿಸುವುದು ಅವನ ಅಭ್ಯಾಸ. ಶನಿವಾರ ಮದ್ದು ಬಳಿದು ಎಲ್ಲ ಕರಗಿಸುತ್ತಾರಂತೆ, ಆಮೇಲೆ ಯಾವ ಪದರ ಯಾವುದು ಅಂತ ದೇವರಿಗೂ ತಿಳಿಯುವುದಿಲ್ಲ. ಹೋಗಲಿ ಬಿಡು ಮಗಾ.” ಬಿಡು ಅಂದರೆ ಬಿಡುವ ಜಾತಿ ನನ್ನದಲ್ಲ. ನನ್ನ ಕೈಯಲ್ಲಿ ಉಳಿದದ್ದು ಶುಕ್ರವಾರ ಒಂದೇ.

ಶುಕ್ರವಾರ ಕಲ್ಯಾಣದ ಕಡೆ ಕಾರ್ಖಾನೆಗಳಿಗೆ ರಜೆ, ಹಗಲಿಡೀ ಕರೆಂಟೂ ಇರುತ್ತಿರಲಿಲ್ಲ. ಬಣ್ಣ ಹಾರಿಸುವ ಕಂಪ್ರೆಸರ್ ಓಡದ ಕಾರಣ ಅಕ್ಕಪಕ್ಕದ ಗ್ಯಾರೇಜಿನವರೆಲ್ಲ ಮೇಸ್ತ್ರಿಯ ಅಂಗಳದಲ್ಲಿ ಚಹಾ ಕುಡಿಯುತ್ತಾ ಕೂರುತ್ತಿದ್ದರು. ಮೇಸ್ತ್ರಿ ಕೂಡಿಸಿಟ್ಟ ಕೆನೆಬಣ್ಣ ನೋಡುವುದಕ್ಕೆ ಅವತ್ತು ಆಜಿಯೂ ಬರುತ್ತಾರೆ ಅಂತ ನನಗೆ ಗೊತ್ತಿತ್ತು. ಶಾಲೆ ಬಿಟ್ಟವಳೇ ನೆಟ್ಟಗೆ ಅಲ್ಲಿಗೆ ಹೊರಟೆ. ಅಕ್ಕ ಹಿಂದಿನಿಂದ ನನ್ನ ಬ್ಯಾಗು ಜಗ್ಗುತ್ತಾ ಬಂದಳು. “ಚಲ್ ನಾ ಘರೀ, ಅಮ್ಮ ಹೊಡೀತಾಳೆ” ಅಂತ ಒಂದೇ ರಾಗ. ತಗಡಿನ ಚಪ್ಪರ ಕಾದು, ಗಾಡಿಯ ಗುಳಿ ತುಂಬುವ ಪುಟ್ಟಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ದೂರದಲ್ಲಿ ಜಂಕ್ಷನ್ನಿನ ಇಂಜಿನ್ ಕೂಗುತ್ತಿತ್ತು.

ನಾನು ಮೇಸ್ತ್ರಿಯ ಎದುರು ಹೋಗಿ, ಹಾಲು ಕದ್ದ ಬೆಕ್ಕಿನ ಮುಖ ಮಾಡಿ ನಿಂತೆ. “ಮೇಸ್ತ್ರಿ ಮಾಮ, ನನಗೆ ಕಾಂದಾ ತೆಗೆಯುವುದು ಕಲಿಸ್ತೀರಾ? ಅಪ್ಪನಿಗೆ ಸರಿಯಾಗಿ ಬರುವುದಿಲ್ಲವಂತೆ.”

ಆ ಮಾತು ಆಡುವಾಗ ನನ್ನ ನಾಲಿಗೆ ಸುಟ್ಟ ಹಾಗಾಯಿತು. ಆದರೆ ಮೀನು ಬೇಕಾದರೆ ಗಾಳಕ್ಕೆ ಏನಾದರೂ ಸಿಕ್ಕಿಸಲೇಬೇಕು. ಮೇಸ್ತ್ರಿ ಉಬ್ಬಿಹೋದ. “ನೋಡಿ, ಮಗಳಿಗಾದರೂ ಬುದ್ಧಿ ಉಂಟು” ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಪೇಪರ್ ಒದ್ದೆ ಮಾಡಿಕೊಂಡು ಹಿಂದಿನ ಡಬ್ಬದ ಹತ್ತಿರ ಹೋದ. ಅದು ಎತ್ತರ, ನನಗೆ ಕಾಣುವುದಿಲ್ಲ, ಬಾಗಿಲ ಮೇಲೆ ಮಾಡಿ ಅಂದೆ. ಅವನು ಬಾಗಿಲ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಆಜಿಯೂ ಸ್ಟೂಲು ಎಳೆದುಕೊಂಡು ಹತ್ತಿರ ಬಂದರು. ಚಹಾದ ಗ್ಲಾಸು ಹಿಡಿದವರೆಲ್ಲ ಎದ್ದು ಬಂದು ಸುತ್ತ ನಿಂತರು.

ಹಳದಿ ಹೋಯಿತು, ನೀಲಿ ಬಂತು. ನೀಲಿ ಸವೆದು ಕೆನೆಬಣ್ಣ. ಆಮೇಲೆ ಕೆಂಪು. ಮೇಸ್ತ್ರಿ ಕೈ ನಿಲ್ಲಿಸಿದ. “ಕೆಂಪು ಬಂದರೆ ಕಥೆ ಮುಗಿದ ಹಾಗೆ ಮಗಾ.”

“ಕೆಂಪಿನ ಕೆಳಗಿನ ತಗಡು ಹೊಳೆಯುತ್ತದಂತಲ್ಲ ಮಾಮ, ಅದನ್ನೂ ತೋರಿಸಿ” ಅಂದೆ.

ಅಪ್ಪ ನೋಡಿದ್ದು ನಿಜವಾಗಿ ಪಾಚಿಯೇ ಆಗಿದ್ದರೆ? ಮೇಸ್ತ್ರಿ ಮತ್ತೆ ನಾಲ್ಕು ಸುತ್ತು ಉಜ್ಜಿದ. ಕೆಂಪಿನ ನಡುವೆ ಒಂದು ಚುಕ್ಕೆ ಕಂಡಿತು, ಆಮೇಲೆ ಕಾಳಿನಷ್ಟಾಯಿತು. ಹಸಿರೂ ಅಲ್ಲ, ನೀಲಿಯೂ ಅಲ್ಲ, ಹುಣಸೆಹುಳಿ ಹಾಕಿ ತೊಳೆಯದೆ ಬಿಟ್ಟ ತಾಮ್ರದ ಚೊಂಬಿನ ಕಿಲುಬಿನ ಬಣ್ಣ. ಮೇಸ್ತ್ರಿಯ ಕೈ ಅಲ್ಲೇ ನಿಂತಿತು.

ಆಜಿ ಕನ್ನಡಕ ಏರಿಸಿ ಬಗ್ಗಿದರು. ಹೆಬ್ಬೆರಳಿನಿಂದ ಕೆಸರು ಒರೆಸಿ ನೋಡಿದರು. ಅವನ ಕೈಯಿಂದ ಪೇಪರ್ ಕಿತ್ತುಕೊಂಡು ತಾವೇ ಉಜ್ಜತೊಡಗಿದರು. ಆ ಬಣ್ಣ ಅಗಲವಾಯಿತು. ಅದರ ಕೆಳಗೆ ತೆಳ್ಳಗೆ ಬೂದು ಪ್ರೈಮರ್, ಅದರ ಕೆಳಗೆ ಬೆಳ್ಳಗೆ ಹೊಳೆಯುವ ತಗಡು. “ಹೆಸರು ಹೇಳುವುದಕ್ಕೆ ಬರುವುದಿಲ್ಲ ಅಂತಿದ್ದರು, ಹೌದು, ಇದಕ್ಕೆ ಯಾರು ತಾನೇ ಹೇಳುತ್ತಾರೆ” ಅಂತ ಮರಾಠಿಯಲ್ಲಿ ತಮ್ಮಷ್ಟಕ್ಕೆ ಹೇಳಿಕೊಂಡರು.

ಆಗ ನಾನು ಬಾಯಿ ಬಿಟ್ಟೆ. “ಮೇಸ್ತ್ರಿ ಮಾಮ, ಇಷ್ಟು ಬಣ್ಣದ ಕೆಳಗೆ ಪಾಚಿ ಬೆಳೆಯುತ್ತದಾ?”

ಯಾರೋ ಚಹಾ ಕುಡಿಯುತ್ತಿದ್ದವರು ಕೆಮ್ಮಿದರು. ಈ ಬಣ್ಣ ಮೊದಲು ಹೇಳಿದ್ದು ಯಾರು ಅಂತ ಆಜಿ ಕೇಳಿದರು. ನನ್ನಪ್ಪ, ಈಗ ಡೊಂಬಿವಿಲಿಯಲ್ಲಿ ಟೇಬಲ್ ಒರೆಸುತ್ತಾನೆ, ಅವನಿಗೆ ಕಣ್ಣಿಲ್ಲ ಅಂತ ಇವರು ಊರೆಲ್ಲ ಹೇಳಿದ್ದಾರೆ ಅಂದೆ. ಅನ್ನುತ್ತಾ ಅನ್ನುತ್ತಾ ನನಗೆ ಅಳು ಬಂತು, ಅಳುತ್ತಲೇ ಕಿರುಚಿದೆ, “ಎಲ್ಲರ ಎದುರು ಹೇಳಿ, ನನ್ನಪ್ಪನಿಗೆ ಕಣ್ಣಿದೆ ಅಂತ.” ಮೇಸ್ತ್ರಿ ನೆಲ ನೋಡುತ್ತಾ ಏನೋ ಗೊಣಗಿದ. ಕೇಳಿಸಲಿಲ್ಲ ಅಂದೆ. ಅವನು ಸ್ವಲ್ಪ ಜೋರಾಗಿ ಹೇಳಿದ. ಅಷ್ಟು ಹೊತ್ತು ನನ್ನ ಬ್ಯಾಗು ಹಿಡಿದು ಜಗ್ಗುತ್ತಿದ್ದ ಅಕ್ಕ ಮುಂದೆ ಬಂದು, “ಇನ್ನೊಂದು ಸಲ” ಅಂದಳು. ಅವನು ಮೂರನೇ ಸಲ ಹೇಳಿದ, ಕಾಂಪೌಂಡಿನ ಆಚೆಗೂ ಕೇಳುವ ಹಾಗೆ. ಉಪ್ಪು ಹಚ್ಚಿದ ಎಳೆ ಹುಣಸೆಕಾಯಿ ತಿಂದಷ್ಟು ಸುಖವಾಯಿತು ನನಗೆ.

ಆ ಮನುಷ್ಯ ಬರುವ ತನಕ ನನ್ನ ಗಾಡಿಯನ್ನು ಯಾರೂ ಮುಟ್ಟಕೂಡದು ಅಂತ ಆಜಿ ಹೇಳಿದರು. ಅಕ್ಕ ಟೆಲಿಫೋನ್ ಬೂತಿಗೆ ಓಡಿ ಹೋಟೆಲಿಗೆ ಫೋನು ಹಚ್ಚಿದಳು. ಅಪ್ಪ ಲೋಕಲ್ ಹಿಡಿದು ಒಂದು ಗಂಟೆಯೊಳಗೆ ಬಂದ. ಅವಸರದಲ್ಲಿ ಟೇಬಲ್ ಒರೆಸುವ ಬಟ್ಟೆ ಹೆಗಲ ಮೇಲೇ ಉಳಿದಿತ್ತು. ಅವನು ಯಾರ ಮುಖವನ್ನೂ ನೋಡಲಿಲ್ಲ, ನೇರ ಬಾಗಿಲ ಬಳಿ ಹೋಗಿ ಕಾಂದಾದ ಮೇಲೆ ಬೆರಳಾಡಿಸಿದ. ಆಮೇಲೆ ತುಂಬಾ ಮರ್ಯಾದೆಯಿಂದ, “ಮೇಸ್ತ್ರಿ, ನಾನು ಬಣ್ಣ ಕೂಡಿಸುತ್ತೇನೆ. ನೀವು ಸ್ವಲ್ಪ ಕಲಕುತ್ತೀರಾ?” ಅಂದ.

ಆಜಿ ನೋಡುತ್ತಿದ್ದರು, ಮೇಸ್ತ್ರಿ ಇಲ್ಲ ಅನ್ನುವ ಹಾಗಿರಲಿಲ್ಲ. ಅಪ್ಪ ಬಿಳಿಗೆ ನೀಲಿ ಸುರಿದ, ಹಳದಿ ಸುರಿದ, ಕಪ್ಪು ಒಂದೇ ತೊಟ್ಟು ಬಿಟ್ಟ. ಮೇಸ್ತ್ರಿ ಕೋಲು ಹಿಡಿದು ಕಲಕಿದ. ಅಪ್ಪ ಒಂದು ತಗಡಿನ ಪಟ್ಟಿಗೆ ಬಣ್ಣ ಹಚ್ಚಿ, ಬಿಸಿಲಿಗೆ ಹಿಡಿದು, ಕಾಂದಾದ ಪಕ್ಕ ಇಟ್ಟು ನೋಡಿ, “ಇನ್ನೂ ಸ್ವಲ್ಪ” ಅಂದ. ಮೇಸ್ತ್ರಿ ಮತ್ತೆ ಕಲಕಿದ. “ಇನ್ನೂ ಸ್ವಲ್ಪ.” ಅವನ ಅಂಗಿ ಬೆನ್ನಿಗಂಟಿತು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಬಿಸಿಲು ರೈಲ್ವೆ ಕ್ವಾರ್ಟರ್ಸಿನ ಹಿಂದೆ ಇಳಿಯುವ ತನಕ ಅಪ್ಪನದು ಅದೇ ಮಾತು. ಕೊನೆಗೆ ಸಾಕು ಅಂದಾಗ ಆಜಿ ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಗಾಡಿಗೆಲ್ಲ ಇದನ್ನೇ ಹೊಡೆಯಿರಿ, ಬಾಗಿಲ ಮೇಲಿನ ಆ ಕಾಂದಾ ಮಾತ್ರ ಮುಚ್ಚಬೇಡಿ ಅಂದರು. ಯಾರಾದರೂ ಕೇಳಿದರೆ ಹೇಳುವುದಕ್ಕೆ ಒಂದು ಕಥೆ ಬೇಕಲ್ಲ.

ಮನೆಗೆ ನಡೆಯುವಾಗ ಅಪ್ಪನ ಕೈ ಹಿಡಿದಿದ್ದೆ. ಉಗುರಿನಲ್ಲಿ ಕಿಲುಬಿನ ಬಣ್ಣ ಕೂತಿತ್ತು. ಒಂದು ಬಣ್ಣ ಕೂಡಿಸುವುದಕ್ಕೆ ಇಷ್ಟು ಹೊತ್ತು ಬೇಕಾಯಿತಾ ಅಂತ ಕೇಳಿದೆ. ಅಪ್ಪ ಹಿಂದೆ ಮುಂದೆ ಯಾರಿದ್ದಾರೆ ಅಂತ ನೋಡಿಕೊಂಡ.

“ಮೊದಲ ಕಾಲು ಗಂಟೆಯಲ್ಲೇ ಕೂಡಿತ್ತು ಮಗಾ.”

ಈಗ ನಿಮ್ಮ ಲೋಕ ನೋಡಿ. ಖಾರಘರದ ಈ ಎತ್ತರದ ಮನೆಯಲ್ಲಿ ಕೂತು ಗಾಡಿಯ ಬಣ್ಣವನ್ನು ಫೋನಿನಲ್ಲಿ ಆರಿಸುತ್ತೀರಿ, ಮಷೀನು ಅದನ್ನು ಕೂಡಿಸುತ್ತದೆ, ಕಲಕುವವರೇ ಬೇಡ. ಯಾರಾದರೂ ಬೈದರೆ ಬೆರಳಲ್ಲಿ ಒತ್ತಿ ಬ್ಲಾಕ್ ಮಾಡಿಬಿಡುತ್ತೀರಿ. ನಾನು ಸಿಟ್ಟಾದರೆ “ಛೋಡ್ ದೋ ನಾ ಅಜ್ಜೀ” ಅಂತ ನನಗೇ ಬುದ್ಧಿ ಹೇಳುತ್ತೀರಿ. ಈ ಮಾಳಿಗೆಯ ಎಲ್ಲ ಬಾಗಿಲೂ ಕಂದು, ನಮ್ಮದೊಂದೇ ಯಾಕೆ ಹೀಗೆ ಕಿಲುಬುಗಟ್ಟಿದ ಹಾಗಿದೆ ಅಂತ ಕೇಳುತ್ತಿದ್ದಿರಲ್ಲ, ಇದಕ್ಕೇ. ಅಪ್ಪನ ಆ ತಗಡಿನ ಪಟ್ಟಿ ಇನ್ನೂ ನನ್ನ ಕಪಾಟಿನಲ್ಲಿದೆ, ಅದನ್ನು ಇಟ್ಟುಕೊಂಡೇ ಬಳಿಸಿದ್ದು. ಸೊಸೈಟಿಯವರು ಎರಡು ಸಲ ನೋಟಿಸ್ ಕಳಿಸಿದರು. ಬಾಗಿಲ ಬಣ್ಣ ಬದಲಿಸುವುದಕ್ಕೆ ಇನ್ನೆಷ್ಟು ದಿನ ಬೇಕು ಅಂತ ಸೆಕ್ರೆಟರಿ ಬಂದು ಕೇಳಿದಾಗಲೆಲ್ಲ ನಾನು ತುಂಬಾ ಮರ್ಯಾದೆಯಿಂದ ಹೇಳುತ್ತೇನೆ, ಇನ್ನೂ ಸ್ವಲ್ಪ.