ಯಾರೂ ಕೈಯಿಡದ ನಾಲ್ಕು ಎಲೆ

ಜಟಕಾ ಮಗುಚಬಹುದಿತ್ತು. ಹೋಟೆಲಿನಲ್ಲಿ ಕರೆಂಟು ಹೋಗಬಹುದಿತ್ತು. ಸಾರಿನ ಖಾರ ನೆತ್ತಿಗೇರಿ ಜಪಾನಿನ ಅತಿಥಿಯನ್ನು ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಗಬಹುದಿತ್ತು. ಅವರು ಮೀನು ಕೇಳಬಹುದಿತ್ತು. ಅವ್ವ ಅವರನ್ನು 'ನೀವು ಯಾವ ಜನ?' ಎಂದು ಕೇಳಬಹುದಿತ್ತು. ಎಲ್ಲರೆದುರು ನನ್ನ ಪಂಚೆ ಬಿಚ್ಚಿಕೊಳ್ಳಬಹುದಿತ್ತು. ವಾರವೆಲ್ಲ ಇವನ್ನೇ ಹೆಂಡತಿಗೆ ಒಪ್ಪಿಸುತ್ತಿದ್ದೆ. ಅವಳು ಅಕ್ಕಿ ಆರಿಸುತ್ತಲೇ, "ಭೂಕಂಪ ಬುಟ್ಬುಟ್ರಲ್ಲಾ, ಅದನ್ನೂ ಸೇರಿಸ್ಕಳಿ" ಎಂದಳು. ಸೇರಿಸಿಕೊಂಡೆ.

ನಾನು ಆಗ ಮೈಸೂರಿನ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಗುಮಾಸ್ತ. ನೂಲು ತೆಗೆಯುವ ಹೊಸ ಯಂತ್ರ ಕೂರಿಸಲು ಜಪಾನಿನಿಂದ ಒಬ್ಬರು ಬಂದು ಯಾದವಗಿರಿಯ ಬಂಗಲೆಯೊಂದರಲ್ಲಿ ಇಳಿದಿದ್ದರು. ಅವರಿಗೆ ಊರು ತೋರಿಸುವುದು ನನ್ನ ಪಾಲಿಗೆ ಬಂದಿತ್ತು. ನನ್ನ ಇಂಗ್ಲಿಷೂ ಅವರ ಇಂಗ್ಲಿಷೂ ಅಕ್ಕಪಕ್ಕದ ಊರಿನವಲ್ಲ. ಆದರೂ ಹೇಗೋ ಸ್ನೇಹವಾಯಿತು. ವಾಪಸು ಹೊರಡುವ ಮೊದಲು ಅವರಿಗೊಂದು ಊಟ ಹಾಕಿಸಬೇಡವೇ? ವಠಾರದ ನಮ್ಮ ಮನೆಯಲ್ಲಿ ನಾಲ್ವರು ಕೂತರೆ ಎಲೆ ಹಾಕಲು ಜಾಗ ಉಳಿಯುತ್ತಿರಲಿಲ್ಲ. ಹಾಗಾಗಿ ಮಾರ್ಕೆಟ್ಟಿನ ಹತ್ತಿರದ ಊಟದ ಹೋಟೆಲು ಎಂದಾಯಿತು. ಹಳ್ಳಿಯಿಂದ ಬಂದು ನಮ್ಮೊಂದಿಗಿದ್ದ ಅವ್ವ ಅದುವರೆಗೆ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ಈಗ ತಾನೂ ಹೊರಟಳು.

"ಮನೆಗ್ ಕರ್ದು ಇಕ್ಕಕ್ ನಿನ್ ಕೈಲಾಗ್ನಿಲ್ಲ. ಆ ಮಗ ಒಟ್ಟೆ ತುಂಬ ಉಂಡ್ನಾ ಅಂತ ನಾನಾರ ನೋಡ್ಬೇಕಲ್ಲ."

ಹೋಟೆಲಿನೊಳಗೆ ಕಾಲಿಟ್ಟವನು ಚಿಂತೆ ಮಾಡುವುದನ್ನೇ ಮರೆತು ನಿಂತುಬಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ಹಬೆ ಗೋಡೆಯಂತೆ ನಿಂತಿತ್ತು. ಆ ಗೋಡೆಯನ್ನು ಒಡೆದುಕೊಂಡು ಸಾರಿನ ಬಕೆಟ್ಟು, ಅನ್ನದ ಬುಟ್ಟಿ, ಹಪ್ಪಳದ ರಾಶಿ ಹಿಡಿದ ಬಡಿಸುವವರು ಓಡೋಡಿ ಬರುತ್ತಿದ್ದರು. ಅಷ್ಟು ಇಕ್ಕಟ್ಟಿನಲ್ಲೂ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದು. ಉಣ್ಣುತ್ತಿದ್ದ ಪ್ರತಿಯೊಬ್ಬರ ಬೆನ್ನ ಹಿಂದೆಯೂ ಇನ್ನೊಬ್ಬರು ಕುರ್ಚಿ ಹಿಡಿದು, ಮುಂದಿನವರ ಎಲೆಯ ಮೇಲೇ ಕಣ್ಣಿಟ್ಟು ಕಾದಿದ್ದರು. ಅವ್ವ ನನ್ನ ತೋಳು ಹಿಡಿದುಕೊಂಡು, "ಇಷ್ಟ್ ಜನುಕ್ಕೂ ಯಾವ ತಾಯಿ ಬೇಯ್ಸಾಕ್ತಾಳ್ಲಾ!" ಎಂದಳು. ಅತಿಥಿಯೂ ಬಾಯಿ ತೆರೆದು ನೋಡುತ್ತಿದ್ದರು.

ನಾವೂ ಕುರ್ಚಿ ಹಿಡಿದು ಕಾದು, ಒಂದೇ ಸಾಲಿನಲ್ಲಿ ಕೂತೆವು. ನಮ್ಮ ಬೆನ್ನಿಗೂ ಜನ ಬಂದು ನಿಂತರು. ಎಲೆ ತುಂಬಿತು. ಅತಿಥಿ ಕೈಮುಗಿದು ತಲೆ ಬಾಗಿಸಿದರು. ಆಮೇಲೆ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು.

ಅತಿಥಿ ತುತ್ತೆತ್ತದೆ ನಾನು ಎತ್ತುವಂತಿಲ್ಲ. ಗಂಡಸರು, ನೆಂಟರು ಉಂಡೆದ್ದ ಮೇಲೆ ಒಲೆಯ ಮುಂದೆ ಕೂತು ಉಣ್ಣುವುದೇ ಅವ್ವನ ಜೀವಮಾನದ ರೀತಿ. ಅವಳು ತನ್ನ ಎಲೆಯ ಕಡೆ ನೋಡಲೂ ಇಲ್ಲ. ಅತ್ತೆ ಉಣ್ಣದೆ ನನ್ನ ಹೆಂಡತಿ ಉಣ್ಣುವ ಮಾತೇ ಇಲ್ಲ. ನಾಲ್ಕು ಎಲೆಯಲ್ಲೂ ಅನ್ನ ಆರತೊಡಗಿತು.

"ಯಾಕ್ ಸ್ವಾಮಿ, ಏನಾದ್ರೂ ಬಿದ್ದಿದ್ಯಾ?" ಬಡಿಸುವವರು ಬಗ್ಗಿ ನೋಡಿದರು.

"ಉಣ್ಣಕ್ ಬಂದವ್ರೋ, ಎಲೆ ಕಾಯಕ್ ಬಂದವ್ರೋ!" ಎಂದಿತು ಬೆನ್ನ ಹಿಂದಿನ ದನಿ.

"ಈಟ್, ಈಟ್" ಎಂದು ಅತಿಥಿಗೆ ಅಂಗಲಾಚಿದೆ. ಅವರು ನಕ್ಕು, ಅಂಗೈಯನ್ನು ಅವ್ವನತ್ತ ಚಾಚಿ, "ಮದರ್ ಫಸ್ಟ್" ಎಂದರು.

"ಏನಂತೆ?" ಎಂದಳು ಅವ್ವ.

"ನೀನು ಉಂಡ್ರೇ ಅವರು ಉಣ್ಣೋದಂತೆ. ಅವರ ಕಡೆ ಹಿರೀರು ಕೈಯಿಡದೆ ಯಾರೂ ಮುಟ್ಟಲ್ವೇನೋ."

"ಅಯ್ ಶಿವ್ನೇ, ಎತ್ತೋಳು ಮೊದ್ಲು ಉಂಡ್ಬುಟ್ಟು ಮಕ್ಳುನ್ನ ಕಾಯ್ಸೋದಾ? ನನ್ ಕೈಲಾಗಾಕಿಲ್ಲ ಕಣಪ್ಪ."

"ಹಂಗಾದ್ರೆ ಉಪವಾಸ ಕಳಿಸ್ಬೇಕು ಅತ್ತೆ" ಎಂದಳು ಹೆಂಡತಿ, ಮೆಲ್ಲಗೆ.

ಅವ್ವ ಅತಿಥಿಯ ಎಲೆಯನ್ನು ನೋಡಿದಳು. ಹಬೆ ನಿಂತುಹೋಗಿತ್ತು. ಬಂದವರಿಗೆ ಆರಿದ ಅನ್ನ ಇಕ್ಕಿದವಳಲ್ಲ ಅವಳು. ನನ್ನ ಕಡೆಗೊಮ್ಮೆ ತಪ್ಪು ಮಾಡಲು ಹೊರಟವಳಂತೆ ನೋಡಿ, ಸೆರಗು ಮುಂದಕ್ಕೆಳೆದುಕೊಂಡು, ತುತ್ತು ಬಾಯಿಗಿಟ್ಟಳು.

ನಲವತ್ತು ದಾಟಿದ ನಾನು ಅವ್ವ ಊಟ ಮಾಡುವುದನ್ನು ಅದೇ ಮೊದಲು ನೋಡಿದ್ದು. ಅವಳು ಅನ್ನದ ನಡುವೆ ಗುಂಡಿ ತೋಡಿ ಸಾರು ನಿಲ್ಲಿಸುತ್ತಾಳೆ, ನುಗ್ಗೆಕಾಯಿಯನ್ನು ಕಣ್ಣು ಮುಚ್ಚಿಕೊಂಡು ಸೀಪುತ್ತಾಳೆ, ಹಪ್ಪಳವನ್ನು ಪುಡಿಮಾಡಿ ಬೆರೆಸಿಕೊಳ್ಳುತ್ತಾಳೆ. ಇದೊಂದೂ ನನಗೆ ಗೊತ್ತಿರಲಿಲ್ಲ. ಬಡಿಸುವವರು ಬಂದಾಗ, ಮನೆಯಲ್ಲಿ ಯಾವತ್ತೂ ಯಾರನ್ನೂ ಏನನ್ನೂ ಕೇಳದವಳು, "ಇನ್ನೊಂದೀಟು ಉಯ್ಯಪ್ಪ" ಎಂದು ಕೈಯೊಡ್ಡಿದಳು. ಅವರು ಬಗ್ಗಿ ಬಡಿಸಿದರು. ಅಷ್ಟು ಗದ್ದಲದ ನಡುವೆ ನನಗೆ ಗುಡಿಯೊಳಗೆ ಕೂತಂತಿತ್ತು. ಪಕ್ಕದಲ್ಲಿ ಹೆಂಡತಿಯೂ ಕೈ ತಡೆದು ಅವಳನ್ನೇ ನೋಡುತ್ತಿದ್ದಳು. ಅತಿಥಿ ಮಾತ್ರ ನಿಶ್ಚಿಂತೆಯಾಗಿ ಉಣ್ಣತೊಡಗಿದ್ದರು.

ಆದರೆ ಮನೆಯವರೆಲ್ಲ ಉಂಡೆದ್ದ ಮೇಲೆ, ತೊಳೆಯುವ ಪಾತ್ರೆಗಳು ಕಾದು ಬಿದ್ದಿರುವಾಗ ಉಂಡು ರೂಢಿಯಾದವರ ಊಟ ಬಲು ಬೇಗ ಮುಗಿಯುತ್ತದೆ. ನಾವಿನ್ನೂ ಸಾರನ್ನದಲ್ಲೇ ಇದ್ದೆವು. ಅವ್ವ ಎಲೆ ಮಡಚಿ, ಹಿಂದೆ ನಿಂತವರಿಗೆ "ಕೂತ್ಕಳ್ರಪ್ಪ, ಅಸ್ದಿದ್ದೀರಿ" ಎಂದು ಎದ್ದೇಬಿಟ್ಟಳು. ಹಿರಿಯರು ಎದ್ದರೆಂದು ಅತಿಥಿಯೂ ಎದ್ದರು. ಅತಿಥಿ ಎದ್ದ ಮೇಲೆ ನಾನು, ನಾನೆದ್ದ ಮೇಲೆ ಹೆಂಡತಿ. ನಮ್ಮ ಕುರ್ಚಿಗಳು ಆ ಕ್ಷಣವೇ ತುಂಬಿದವು. ಕೈ ತೊಳೆದು ತಿರುಗಿ ನೋಡಿದರೆ, ಮೊಸರಿನ ಪಾತ್ರೆ ಆಗಷ್ಟೇ ನಮ್ಮ ಸಾಲಿಗೆ ಬರುತ್ತಿತ್ತು.