ನಡುಮಧ್ಯಾಹ್ನ ಹಿಡಿದುಕೊಂಡ ಬ್ರೇಕ್

ದೋಹಾದಲ್ಲಿ ವಿಶ್ವಕಪ್ ಫುಟ್‌ಬಾಲ್ ಮುಗಿದ ಮರುವರ್ಷದ ಬೇಸಿಗೆ. ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ನಾನು ಫೋರ್‌ಮನ್ ಆಗಿದ್ದೆ. ಗ್ಯಾರೇಜ್ ನಡೆಸುತ್ತಿದ್ದವರು ಉಪ್ಪಿನಂಗಡಿ ಕಡೆಯ ಹಮೀದ್ ಹಾಜಿ, ನಾನು ಬಂಟ್ವಾಳದವನು. ಹಳೆಯ ಕಾರುಗಳೆಂದರೆ ನನಗೆ ಪ್ರೀತಿ, ಅವುಗಳ ಮಾಲೀಕರೆಂದರೆ ತಲೆನೋವು. ಕಾರು ಹೊಸದರಂತೆ ಓಡಬೇಕು, ಆದರೆ ಒಂದು ಬೋಲ್ಟೂ ಬದಲಾಗಬಾರದು ಎನ್ನುವ ಜನ ಅವರು.

ಅಬು ನಾಸಿರ್ ಕೂಡ ಅಂಥವರೇ. ಐವತ್ತು ದಾಟಿದ ಈ ಕತಾರಿ, ತಂದೆ ಬಿಟ್ಟುಹೋದ ಎಪ್ಪತ್ತರ ದಶಕದ ಅಮೆರಿಕನ್ ಕಾರನ್ನು ದೋಹಾದಿಂದ ಉತ್ತರಕ್ಕಿರುವ ತಮ್ಮೂರು ಅಲ್ ಖೋರ್‌ನಿಂದ ಲಾರಿಯ ಮೇಲೆ ಹೇರಿಸಿಕೊಂಡು ಬಂದಿದ್ದರು. ಪ್ರತಿ ಶುಕ್ರವಾರ ಜುಮ್ಮಾ ನಮಾಜ್ ಮುಗಿದ ಮೇಲೆ ತಂದೆ ಇದೇ ಕಾರಿನಲ್ಲಿ ತಾಯಿಯನ್ನು ದೋಹಾಕ್ಕೆ, ಆಕೆಯ ಅಕ್ಕನ ಮನೆಗೆ, ಊಟಕ್ಕೆ ಕರೆತರುತ್ತಿದ್ದರಂತೆ. ಈಗ ತಾಯಿಯ ಕಾಯಿಲೆ ಕೊನೆಯ ಹಂತ ಮುಟ್ಟಿತ್ತು. ಇನ್ನೊಮ್ಮೆ ಆ ಕಾರಿನಲ್ಲಿ ಅಕ್ಕನ ಮನೆಗೆ ಹೋಗಬೇಕು ಎಂಬುದೊಂದೇ ಅವರ ಆಸೆ. ಬರುವ ಶುಕ್ರವಾರ ಕರೆದೊಯ್ಯುತ್ತೇನೆಂದು ಮಗ ಮಾತು ಕೊಟ್ಟುಬಿಟ್ಟಿದ್ದರು.

ಕಾರಿನ ಬ್ರೇಕ್ ಪೆಡಲ್ ತುಳಿದರೆ ನೆಲ ಮುಟ್ಟುತ್ತಿತ್ತು. ನಾವು ತುಳಿದ ಒತ್ತಡವನ್ನು ಬ್ರೇಕ್ ಆಯಿಲ್ ಮೂಲಕ ನಾಲ್ಕೂ ಚಕ್ರಗಳಿಗೆ ಕಳಿಸುವುದು ಮಾಸ್ಟರ್ ಸಿಲಿಂಡರ್. ಕಾಲಿನ ಬಲ ಸಾಲದಾಗ ಎಂಜಿನ್ನಿನ ವ್ಯಾಕ್ಯೂಮ್, ಅಂದರೆ ಅದು ಗಾಳಿ ಹೀರುವ ಬಲ, ಬಳಸಿ ಅದಕ್ಕೆ ಬಲ ತುಂಬುವ ದುಂಡನೆಯ ಡಬ್ಬಿಯೇ ಬೂಸ್ಟರ್. ಎರಡೂ ಹೋಗಿದ್ದವು. ಎರಡನ್ನೂ ಹೊಸದು ಹಾಕೋಣ ಎಂದೆ. ಸಿಲಿಂಡರ್‌ಗೆ ಒಪ್ಪಿದರು, ಬೂಸ್ಟರ್‌ಗೆ ಸುತಾರಾಂ ಒಪ್ಪಲಿಲ್ಲ. ಅದರ ಮೇಲೆ ಫ್ಯಾಕ್ಟರಿಯ ಮುದ್ರೆ ಇತ್ತಲ್ಲ! ಹಾಗಾಗಿ ಹಳೆಯದನ್ನೇ ಹೊರಗೆ ಕೊಟ್ಟು ಓವರ್‌ಹಾಲ್ ಮಾಡಿಸಿ ಕೂರಿಸಿದೆವು. ಲೈನಿನಲ್ಲಿದ್ದ ಗಾಳಿ ತೆಗೆದು, ಬುಧವಾರ ಬೆಳಿಗ್ಗೆ ಓಡಿಸಿ ನೋಡಿದರೆ ಕಾರು ಹೇಳಿದಲ್ಲಿ ನಿಲ್ಲುತ್ತಿತ್ತು.

ಕತಾರಿನಲ್ಲಿ ಬೇಸಿಗೆಯ ನಡುಮಧ್ಯಾಹ್ನ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬ ಕಾನೂನಿದೆ. ಹಾಗಾಗಿ ನಮ್ಮಲ್ಲಿ ರೋಡ್ ಟೆಸ್ಟ್ ಏನಿದ್ದರೂ ಬೆಳಗಿನ ತಂಪಿನಲ್ಲೇ ಮುಗಿಯುವುದು ರೂಢಿ. ಆದರೆ ಈ ಕಾರು ರಸ್ತೆಗಿಳಿಯುವುದು ಜುಮ್ಮಾ ಮುಗಿದ ಮೇಲೆ, ಸೂರ್ಯ ನೆತ್ತಿಯ ಮೇಲಿರುವಾಗ. ಅದು ಗುರುವಾರ ನನ್ನ ತಲೆಯಲ್ಲಿ ಕೊರೆಯತೊಡಗಿತು. ಕೆಲಸದವರು ಒಳಗೆ ವಿಶ್ರಾಂತಿಯಲ್ಲಿದ್ದರು. ನಾನೇ ಕಾರು ಹೊರತೆಗೆದೆ.

“ನಿನ್ನೆ ಓಡಿಸಿ ಆಯ್ತಲ್ಲ ಮಾರಾಯ್ರೆ, ಈ ಉರಿಬಿಸಿಲಿಗೆ ಇನ್ನೆಂತ ಟೆಸ್ಟು?” ಎಂದು ಹಾಜಿಯವರು ನಕ್ಕರು.

ಹೋಗುವಾಗ ಏನೂ ಆಗಲಿಲ್ಲ. ತಿರುಗಿ ಬರುವಾಗ, ಕೆಲವು ಸಿಗ್ನಲ್ ದಾಟಿದ ಮೇಲೆ, ಪೆಡಲ್ ಮುಟ್ಟದಿದ್ದರೂ ಕಾರು ತಾನೇ ನಿಧಾನವಾಯಿತು. ಬದಿಗೆ ನಿಲ್ಲಿಸಿ ಇಳಿದರೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಬೂಸ್ಟರ್‌ನ ವ್ಯಾಕ್ಯೂಮ್ ಪೈಪ್ ಕಿತ್ತೆ, ಬ್ರೇಕ್ ಬಿಟ್ಟುಕೊಂಡಿತು. ಎಂದರೆ ಬೂಸ್ಟರ್ ಒಳಗಿನ ವಾಲ್ವ್ ಕಾದಾಗ ಅಂಟಿಕೊಂಡು, ಯಾರೂ ತುಳಿಯದೆಯೇ ಬ್ರೇಕ್ ಹಾಕುತ್ತಿತ್ತು. ಅಲ್ ಖೋರ್ ಹೆದ್ದಾರಿಯಲ್ಲಿ ಹೀಗಾದರೆ ಬ್ರೇಕ್ ಆಯಿಲ್ ಕುದಿಯುತ್ತದೆ. ಆಮೇಲೆ ಎಷ್ಟು ತುಳಿದರೂ ಕಾರು ನಿಲ್ಲುವುದಿಲ್ಲ.

ಸಂಜೆ ಅಬು ನಾಸಿರ್ ಬಂದರು. ವಿಷಯ ತಿಳಿಸಿದೆ. ಹೊಸ ಬೂಸ್ಟರ್ ಹೊರದೇಶದಿಂದ ಬರಬೇಕು, ವಾರಗಳು ಬೇಕು ಎಂದೆ. ಅವರು ತಮ್ಮ ಅರೆ ಹಿಂದಿ, ಅರೆ ಅರಬ್ಬಿಯಲ್ಲಿ, ನಿಧಾನವಾಗಿ ಓಡಿಸುತ್ತೇನೆ, ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ ಎಂದು ಕೀಗೆ ಕೈ ಚಾಚಿದರು. ತಾಯಿಗೆ ಅಷ್ಟು ವಾರಗಳಿಲ್ಲ ಎಂದೂ ಹೇಳಿದರು. ಹಾಜಿಯವರು ನನ್ನನ್ನು ಮೂಲೆಗೆ ಕರೆದು, “ಅವರ ಕಾರು ಅವರಿಗೆ ಕೊಡ್ಲಿಕ್ಕೆ ನಿಮಗೆಂತ? ಜವಾಬ್ದಾರಿ ಅವರದ್ದೇ ಅಂತ ಬರೆಸಿಕೊಂಡು ಕೊಡುವ” ಎಂದರು.

ಬರೆಸಿಕೊಂಡರೆ ಕಾರು ನಿಲ್ಲುತ್ತದೆಯೇ? ನನಗೆ ಸಿಟ್ಟು ನೆತ್ತಿಗೇರಿತು. ಬಾನೆಟ್ ಎತ್ತಿದೆ, ಸ್ಪಾನರ್ ಹಿಡಿದು ಬೂಸ್ಟರನ್ನೇ ಬಿಚ್ಚಿ ಬೆಂಚಿನ ಮೇಲಿಟ್ಟೆ. ಇನ್ನು ಬ್ರೇಕೇ ಇಲ್ಲದ ಆ ಕಾರನ್ನು ಯಾರೂ ಹೊರಗೆ ಒಯ್ಯುವಂತಿರಲಿಲ್ಲ. ಅಬು ನಾಸಿರ್ ಅದನ್ನೇ ನೋಡುತ್ತ ನಿಂತರು. ಬೈಯುತ್ತಾರೆಂದುಕೊಂಡಿದ್ದೆ. “ಖಲಾಸ್” ಎಂದಷ್ಟೇ ಹೇಳಿ ಹೊರಟುಹೋದರು.

ಮರುದಿನ ಬೇರೆ ದೊಡ್ಡ ಕಾರು ತಂದು ನಿಲ್ಲಿಸಿದರೂ ತಾಯಿ ಹತ್ತಲಿಲ್ಲವಂತೆ. ಅದು ನಾನು ಆಸ್ಪತ್ರೆಗೆ ಹೋಗುವ ಕಾರಲ್ಲವೇ ಎಂದರಂತೆ. ಹೊಸ ಬೂಸ್ಟರ್ ಬರುವ ಮೊದಲೇ ಆಕೆ ತೀರಿಕೊಂಡರು. ಸುದ್ದಿ ತಂದ ಹಾಜಿಯವರು ನನ್ನ ಮುಖ ನೋಡಲಿಲ್ಲ.

ಬೂಸ್ಟರ್ ಬಂದ ಮೇಲೆ ಜೋಡಿಸಿ, ಮಧ್ಯಾಹ್ನವೇ ಓಡಿಸಿ ನೋಡಿ ಕರೆ ಮಾಡಿದೆ. ಅಬು ನಾಸಿರ್ ಬಂದು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆದರು. ಕಾರು ನಿಲ್ಲಿಸಿ ಕೇಳಿದರು: “ಅವತ್ತು ನಾನು ತಾಯಿಯನ್ನು ಕರೆದುಕೊಂಡು ಹೋಗಿದ್ದರೆ ಖಂಡಿತ ಅಪಘಾತ ಆಗುತ್ತಿತ್ತೇ?”

ಆಗುತ್ತಿತ್ತು ಎಂದುಬಿಟ್ಟಿದ್ದರೆ ಇಬ್ಬರಿಗೂ ಹಗುರವಾಗುತ್ತಿತ್ತು. ಆದರೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಅವರು ತಲೆಯಾಡಿಸಿ, ನನ್ನನ್ನು ಗ್ಯಾರೇಜಿಗೆ ಬಿಟ್ಟು ಹೋದರು.

ಅಂಥ ಬ್ರೇಕಿನ ಕಾರಿನ ಕೀಯನ್ನು ಇಂದು ಕೇಳಿದರೂ ನಾನು ಕೊಡುವುದಿಲ್ಲ. ಬ್ರೇಕಿನ ಕೆಲಸ ನನಗೆ ಕಲಿಸಿದ್ದು ಇಷ್ಟು: ಆಗದೆ ಹೋದ ಅಪಘಾತವನ್ನು ಯಾರಿಗೂ ತೋರಿಸಲಾಗದು, ನಮಗೆ ನಾವೇ ಕೂಡ.